ಎರಡು ಚಮಚ ಅರಿಶಿಣ

ಬನಹಟ್ಟಿ
೨೦ ಏಪ್ರಿಲ್ ೨೦೨೫, ರವಿವಾರ

ಗೆಳೆಯಾ ಶ್ರೀಧರ,

ನಿಮ್ಮ ಆಯಿಗೆ ನನ್ನ ನಮಸ್ಕಾರವನ್ನು ಈಗಲೇ ಹೇಳಿಬಿಡು. ಪತ್ರ ಓದಿ ಮುಗಿಸಿದ ಮೇಲೆ ಹೇಳಲು ನಿನಗೆ ಮನಸ್ಸಾಗಲಿಕ್ಕಿಲ್ಲ.

ಜಮಖಂಡಿ ಇಲ್ಲೇ ಇದೆ, ಕೈಯಲ್ಲಿ ಫೋನಿದೆ, ಇವನೇಕೆ ಕಾಗದ ಬರೆದ ಅಂದುಕೊಳ್ಳುತ್ತೀ. ಫೋನಿನಲ್ಲಿ ಮೂರು ಸಲ ಶುರು ಮಾಡಿದ್ದೆ. ಮೂರೂ ಸಲ ಏನೋ ಒಂದು ಪ್ರಾಸ ಕಟ್ಟಿ, ನಿನ್ನನ್ನು ನಗಿಸಿ, ಇಟ್ಟುಬಿಟ್ಟೆ. ಕಾಗದ ನಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯಲ್ಲಿ ನಾನು ನಿನಗೆ ಮಾರಿದ ಕೆಂಪು ಕಾರಿನ ಮಾತು ಇದು.

ಹದಿಮೂರು ವರ್ಷದ ಆ ಸ್ಪೋರ್ಟ್ಸ್ ಕಾರನ್ನು ಪುಣೆಯಿಂದ ತಂದ ದಿನ ನಾನೊಬ್ಬ ಸೀರೆ ವ್ಯಾಪಾರಿ ಅನ್ನುವುದನ್ನೇ ಮರೆತಿದ್ದೆ. ಓಡಿದಾಗ ಆಟ, ನಿಂತಾಗ ಕಾಟ. ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದ ಒಂದು ಜಲ್ಲೆ ಸಾಕು, ಅದರ ಹೊಟ್ಟೆ ಕೆರೆಯಲು. ಒಂದು ವರ್ಷ ಕಿಟಕಿಯ ಗಾಜು ಇಳಿಯಿತು, ಏರಲಿಲ್ಲ, ಹನ್ನೊಂದು ಸಾವಿರ. ಮರುವರ್ಷ ಮುಂದಿನ ಎರಡು ಶಾಕ್ ಅಬ್ಸಾರ್ಬರ್, ನಲವತ್ತು ಸಾವಿರ. ಕೊನೆಗೆ ರೇಡಿಯೇಟರಿನ ನೀರು ಸೋರತೊಡಗಿತು. ನಿಮ್ಮೂರ ಮಾಳು ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆ. ನೀರಿನ ಪಂಪು, ನೀರಿನ ಡಬ್ಬಿ ಎರಡೂ ಹೋಗಿವೆ, ಅರವತ್ತೆರಡು ಸಾವಿರ ಆಗುತ್ತದೆ ಅಂದ. ಅದೇ ವಾರ ನೀನು ಗಾಡಿ ಕೇಳಿದಿ.

ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಹಚ್ಚಿ ನಿಂತ ಟ್ರ್ಯಾಕ್ಟರಿನವರು ರೇಡಿಯೇಟರ್ ಸೋರಿದರೆ ಒಂದಿಷ್ಟು ಅರಿಶಿಣ ಹಾಕುವುದನ್ನು ನಾನು ಕಂಡಿದ್ದೆ. ಪುಡಿ ತೂತಿಗೆ ಹೋಗಿ ಕೂರುತ್ತದೆ, ಮನೆ ಮುಟ್ಟುವವರೆಗೆ ಸೋರುವುದಿಲ್ಲ. ನೀನು ಗಾಡಿ ಒಯ್ಯುವ ಹಿಂದಿನ ದಿನ ನಾನೂ ಹಾಕಿದೆ. ಎರಡು ಚಮಚ.

ಸೋರುವುದು ನಿಂತಿತು. ಮರುದಿನ ನಿಮ್ಮ ಬಾಗಿಲಲ್ಲಿ ಆಯಿ ಬಾನೆಟ್ಟಿಗೆ ಅರಿಶಿಣ ಕುಂಕುಮ ಹಚ್ಚಿದರು. ಒಳಗೂ ಅದೇ, ಹೊರಗೂ ಅದೇ ಅಂತ ನನಗೆ ಆಗ ನಗು ಬಂದಿತ್ತು ಶ್ರೀಧರ. ಹೇಳಬಾರದು, ಆದರೆ ಬಂದಿತ್ತು.

ಮಾರ್ಚಿನಲ್ಲಿ ಆಯಿಯ ಕಣ್ಣಿನ ಆಪರೇಶನ್ನಿಗೆ ಬಾಗಲಕೋಟೆಗೆ ಹೊರಡುವ ಮುಂಚೆ ನೀನು ಮಾಳುವಿನ ಹತ್ತಿರ ಆಯಿಲ್ ಬದಲಿಸಿಕೊಂಡಿ. ‘ವಕೀಲರ, ದೂರ ಹೊಂಟೀರಿ, ಗಾಡಿ ಮಾರಿದವರನ್ನ ಒಂದ್ ಮಾತ ಕೇಳ್ಕೊಂಡ ಹೋಗ್ರಿ’ ಅಂದನಂತೆ. ನೀನು ಕೇಳಿದಿ. ‘ಲೇ, ಮಾಳು ಹಿಂಗಂತಾನ, ಏನದನೋ ಇದರಾಗ?’ ಅಂದಿ. ನಾನು ‘ಏನೂ ಇಲ್ಲೋ ಮಾರಾಯಾ, ಗಾಡಿ ಗುಂಡಿನಂಗ ಐತಿ, ಗುಮ್ಮಂತ ಹೋಗು’ ಅಂದೆ. ಅರಿಶಿಣ ಹಾಕಿದ್ದಕ್ಕಿಂತ ದೊಡ್ಡ ತಪ್ಪು ಅದು. ಹಾಕುವಾಗ ಲೋಭವಿತ್ತು, ಅಂದು ಬರೀ ನಾಚಿಕೆ ಅಡ್ಡ ಬಂತು.

ಬೀಳಗಿ ದಾಟಿ ಅನಗವಾಡಿಯ ಹತ್ತಿರ ಇಂಜಿನ್ ಕುದಿದು ನಿಂತಿತು. ಆಯಿ ಮೂರು ತಾಸು ಬೇವಿನ ಗಿಡದ ಕೆಳಗೆ ಕೂತರು. ಆಪರೇಶನ್ನಿನ ಪಾಳಿ ತಪ್ಪಿತು. ಸುದ್ದಿ ತಿಳಿದು ನಾನು ನಿಮ್ಮ ಮನೆಗೆ ಬಂದಾಗ, ಮಂಜು ಮಂಜಾದ ಕಣ್ಣಿನಿಂದಲೇ ನನ್ನನ್ನು ಗುರುತು ಹಿಡಿದು, ‘ಗಾಡಿಗೆ ಬಯ್ಯಬ್ಯಾಡ್ರೋ, ವಯಸ್ಸಾಗ್ಯದ ಅದಕ್ಕ, ನನ್ಹಂಗ’ ಅಂದರು. ಚಹಾ ಕೊಟ್ಟರು. ಕುಡಿದೆ.

ಮಾಳು ಎಳೆದು ತಂದ ಗಾಡಿಯನ್ನು ನೀನು ಬೆಳಗಾವಿಗೆ ಕಳಿಸಿದಿ, ಅಲ್ಲಿ ಇಂಜಿನ್ ಬಿಚ್ಚಿದರು. ನಳಿಕೆಗಳ ತುಂಬ ಹಳದಿ ಗಸಿ, ರಿಪೇರಿಗೆ ಮೂರು ಲಕ್ಷ ನಲವತ್ತು ಸಾವಿರ. ನೀನು ಆ ಗಸಿಯನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದು, ಸಂತೆಯ ದಿನ, ಹತ್ತು ಜನರೆದುರು ಮಾಳುವಿನ ಮುಂದೆ ಕುಕ್ಕಿದಿ. ‘ಕಡೀಕ ಕೈ ಹಚ್ಚಿದಾವ ನೀನ. ಇದೇನು ಗಾಡಿಯೋ, ಬ್ಯಾಳಿ ಸಾರೋ?’ ಅಂದಿ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಮಾಳು ನನ್ನನ್ನು ಒಮ್ಮೆ ನೋಡಿದ. ‘ನಾ ಹಾಕಿಲ್ರಿ’ ಅಂದ. ಅಷ್ಟೇ.

ಅವನು ಇನ್ನೊಂದು ಮಾತು ಆಡಿಯಾನು ಅನ್ನುವ ಹೆದರಿಕೆಗೆ ನಾನು ಅಲ್ಲೇ ಮದುವೆ ಹಾಡಿನ ಧಾಟಿಯಲ್ಲಿ ಪ್ರಾಸ ಕಟ್ಟಿದೆ:

ಮಾಳು ಮೇಸ್ತ್ರಿ ಗಾಡಿಗಿ ಅರಿಶಿಣ ಹಚ್ಚ್ಯಾನ,
ಅಕ್ಕಿಕಾಳು ಬೀಳೂದ್ರಾಗ ಇಂಜಿನ್ನಿನ ಕಣ್ಣ ಮುಚ್ಚ್ಯಾನ.

ಎಲ್ಲರೂ ನಕ್ಕರು. ನೀನು ಅದನ್ನು ನಮ್ಮ ಕಾಲೇಜು ಗೆಳೆಯರ ಗ್ರೂಪಿಗೆ ಹಾಕಿದಿ. ಸಂಜೆಯ ಹೊತ್ತಿಗೆ ಅರ್ಧ ಜಮಖಂಡಿ ಹಾಡುತ್ತಿತ್ತು. ಇಪ್ಪತ್ತೈದು ವರ್ಷದಿಂದ ಪ್ರಾಸ ಕಟ್ಟುತ್ತಿದ್ದೇನೆ. ಊರು ಬಾಯಿಪಾಠ ಮಾಡಿದ್ದು ಇದೊಂದನ್ನೇ.

ಮೊನ್ನೆ ಗುರುವಾರ ಅವನ ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದೆ. ಒಬ್ಬ ಗಿರಾಕಿ ಜೀಪು ನಿಲ್ಲಿಸಿ, ‘ಎಣ್ಣಿ ಅಷ್ಟ ಹಾಕೋ ಮಾಳು, ಒಗ್ಗರಣಿ ಬ್ಯಾಡ’ ಅಂದ. ಮಾಳು ನಟ್ಟು ಬಿಚ್ಚುವ ಪಾನಾ ಒರೆಸುತ್ತ ನಿಂತ. ಮೊದಲು ಬೀದಿಯುದ್ದ ಗಾಡಿಗಳು ನಿಲ್ಲುತ್ತಿದ್ದ ಜಾಗದಲ್ಲಿ ಅದೊಂದೇ ಜೀಪು. ಈ ತಿಂಗಳ ಕೊನೆಗೆ ಬಾಗಿಲು ಹಾಕಿ, ಕೊಲ್ಲಾಪುರದಲ್ಲಿ ಯಾರದೋ ಕೈಕೆಳಗೆ ಪಗಾರಕ್ಕೆ ಹೋಗುತ್ತಾನೆ ಅಂತ ಚಹಾದವನು ಹೇಳಿದ.

ಶ್ರೀಧರ, ಗಾಡಿಯನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ. ನೀನು ಕೊಟ್ಟ ಹಣ ವಾಪಸು, ಬೆಳಗಾವಿಯ ಬಿಲ್ಲೂ ನನ್ನದೇ. ನಿನ್ನಿಂದ ಬೇಕಾದದ್ದು ಒಂದೇ. ಆ ಪ್ರಾಸ ಹಾಕಿದ ಗ್ರೂಪಿನಲ್ಲೇ ಈ ಕಾಗದದ ಫೋಟೋ ಹಾಕು, ತಿಂಗಳು ಮುಗಿಯುವ ಮೊದಲೇ. ನಾನೇ ಹಾಕಬಹುದಿತ್ತು. ಆದರೆ ನನ್ನಿಂದ ಬಂದರೆ ಜನ ಇದನ್ನೂ ಚೇಷ್ಟೆ ಅಂದುಕೊಳ್ಳುತ್ತಾರೆ. ವಕೀಲ ಹಾಕಿದರೆ ನಂಬುತ್ತಾರೆ.

ಲಕೋಟೆ ಅಂಟಿಸಿಲ್ಲ. ಮೊದಲು ಮಾಳು ಓದಲಿ, ಆಮೇಲೆ ನಿನಗೆ ಮುಟ್ಟಲಿ.

ನೀನು ಬೇರೆ ಹೆಸರು ಹುಡುಕುವವರೆಗೆ ನಿನ್ನ ಗೆಳೆಯ,
ಶಿವಯೋಗಿ

ತಾ.ಕ.: ಈ ಸಾಲುಗಳನ್ನು ಮಾಳುವಿನ ಗ್ಯಾರೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವನು ಪತ್ರವನ್ನು ಎರಡು ಸಲ ಓದಿದ. ಆಮೇಲೆ ಪಾನಾ ಇಡುವ ಪೆಟ್ಟಿಗೆಯ ತಳದಿಂದ ಅರಿಶಿಣದ ಒಂದು ಖಾಲಿ ಪಾಕೀಟು ತೆಗೆದು ನನ್ನ ಮುಂದಿಟ್ಟ. ಕಾಲು ಕೇಜಿಯದು, ಮೇಲೆ ನಮ್ಮ ಬನಹಟ್ಟಿಯ ಕಿರಾಣಿ ಅಂಗಡಿಯ ಶಿಕ್ಕಾ ಇದೆ. ಅನಗವಾಡಿಯಿಂದ ಗಾಡಿ ಎಳೆದು ತಂದ ದಿನ ಸ್ಟೆಪ್ನಿಯ ಕೆಳಗೆ ಸಿಕ್ಕಿತಂತೆ. ನೀನು ಬಾಟಲಿ ಕುಕ್ಕಿದಾಗಲೂ ಅದು ಅವನ ಹತ್ತಿರವೇ ಇತ್ತು. ಯಾಕೆ ತೋರಿಸಲಿಲ್ಲ ಅಂತ ಕೇಳಿದೆ. ‘ಒಬ್ಬರ ಗಾಡಿ ಮಾತ ಇನ್ನೊಬ್ಬರ ಮುಂದ ಆಡಿದ್ರ, ನನ್ನ ಹಂತ್ಯಾಕ ಯಾರ್ ಗಾಡಿ ಬಿಡ್ತಾರ್ರಿ ಸಾಹುಕಾರ?’ ಅಂದ. ಆಮೇಲೆ, ‘ಎರಡ ಚಮಚಿ ಅಲ್ರಿ, ಇಡೀ ಪಾಕೀಟ. ಮತ್ತ, ಟ್ರ್ಯಾಕ್ಟರಿಗಿ ನಡೀತೈತಿ, ಇದಕ್ಕ ಹಾಕಬ್ಯಾಡ್ರಿ ಅಂತ ನಾ ಹೇಳಿದ್ನಿ. ಬರಿಯೂದಿದ್ರ ಖರೆ ಬರೀರಿ’ ಅಂದ.

ಬರೆದಿದ್ದೇನೆ. ಪಾಕೀಟು ಈ ಲಕೋಟೆಯಲ್ಲೇ ಇದೆ. ಹುಷಾರಾಗಿ ತೆಗೆ, ಇನ್ನೂ ಕೈಗೆ ಹತ್ತುತ್ತದೆ.