ಕೌಂಟರಿನಲ್ಲಿ ಸಿಗದ ಹೆಸರು

ಪೂಜ್ಯ ಅತ್ತೆಯವರಿಗೆ,

ನಾಳೆ ಆಸ್ಪತ್ರೆಗೆ ಬನ್ನಿ, ಕೌಂಟರಿನಲ್ಲಿ ನಿಮ್ಮ ಹೆಸರು ಸಿಗುತ್ತದೆ. ಕಂಪ್ಯೂಟರಿನಲ್ಲಿ ಅದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿತ್ತು; ಮೊನ್ನೆ ಕೌಂಟರಿನ ಹುಡುಗಿ ಚಿಕ್ಕಕ್ಷರಗಳಲ್ಲಿ ಹುಡುಕಿದಳು, ಸಿಗಲಿಲ್ಲ. ಎರಡೂ ಒಂದೇ ಎಂದು ಮೊದಲು ಕಂಪ್ಯೂಟರಿಗೆ ತಿಳಿಯುತ್ತಿತ್ತು. ಹುಡುಕಾಟ ನಿಧಾನವೆಂದು ನಮ್ಮ ಸಾಹೇಬರು ಗೊಣಗಿದಾಗ, ಅದಕ್ಕೆ ತಕ್ಕ ಇಂಡೆಕ್ಸ್, ಅಂದರೆ ಹೆಸರು ಬೇಗ ಸಿಗುವಂಥ ಸೂಚಿಪಟ್ಟಿ, ಕಟ್ಟುವ ಬದಲು ನಾನು ಆ ತಿಳಿವಳಿಕೆಯನ್ನೇ ಕಿತ್ತುಹಾಕಿದ್ದೆ. ವೇಗ ನೋಡಿ ಅವರು ಬೆನ್ನು ತಟ್ಟಿದರು.

“ಇದು ನಮ್ಮಳಿಯಂದ್ರು ಮಾಡಿರೋದಮ್ಮ, ತಪ್ಪಾಗಲ್ಲ. ನಿಂಗೇ ಹುಡುಕೋಕೆ ಬರಲ್ಲ” ಎಂದು ನೀವು ಅವಳನ್ನು ಎಲ್ಲರೆದುರು ಗದರಿ, ಔಷಧಿಯಿಲ್ಲದೆ ಮರಳಿದಿರಂತೆ. ನಿಮ್ಮ ಮಗಳು ಹೆಮ್ಮೆಯಿಂದ ಹೇಳಿದಳು.

ಇಂಡೆಕ್ಸ್ ಈಗ ಕಟ್ಟಿದ್ದೇನೆ. ದಯವಿಟ್ಟು ಆ ಹುಡುಗಿಯ ಹತ್ತಿರ ಒಂದು ಒಳ್ಳೆಯ ಮಾತಾಡಿ. ನಾನೇ ಆಡಬೇಕಿತ್ತು, ಅದೇ ಕಟ್ಟಡದ ಮಹಡಿಯಲ್ಲಿ ಕೂರುವವನು, ಮೊನ್ನೆಯಿಂದ ಹಿಂಬಾಗಿಲಲ್ಲಿ ಓಡಾಡುತ್ತಿದ್ದೇನೆ.

ಇಂತಿ,
ನೀವು ಹೊಗಳಿದ ಅಳಿಯ