ಬಲಗಾಲಿನ ಚಪ್ಪಲಿ

ಅಣ್ಣನಿಗೆ,

ಇಸ್ತ್ರಿ ಅಂಗಡಿಯವರ ಕೈಲಿ ನೀನು ಕಳಿಸಿದ ಚೀಲ ತಲುಪಿತು. ಅವರು ಅದನ್ನಿಟ್ಟು ನಿಂತ ಕಾಲಲ್ಲೇ ಹೊರಟುಹೋದರು.

ಲಾರಿ ಚಕ್ರ ಹರಿದ ಬಲಗಾಲನ್ನು ತೆಗೆಸಿಬಿಡು, ಬೇಗ ಮನೆಗೆ ಬರಬಹುದು ಅಂತ ನೀನು ಅಂದಾಗ ನಾನು ಒಪ್ಪಲಿಲ್ಲ. ಆ ಸಿಟ್ಟಿಗೆ ನೀನು ಆಸ್ಪತ್ರೆ ಕಡೆ ತಲೆಯೇ ಹಾಕಿಲ್ಲ. ಇರಲಿ. ಹೊಲಿಗೆ ಮಿಷಿನ್ ತುಳಿಯೋಳಿಗೆ ಕಾಲಿನ ಬೆಲೆ ಗೊತ್ತು.

ಡಾಕ್ಟರು ಎಡಗಾಲಿನ ಚರ್ಮ, ಮಾಂಸ ಅರ್ಧ ಬಿಡಿಸಿ ಬಲಗಾಲಿನ ಗಾಯದ ಮೇಲೆ ಹೊಲಿದರು. ಅದು ಅಲ್ಲಿ ಕಚ್ಚಿಕೊಳ್ಳೋವರೆಗೆ ಎರಡು ಕಾಲನ್ನೂ ಜೋಡಿಸಿ ಕಟ್ಟಿಟ್ಟಿದ್ದರು. ತೇಪೆ ಹಾಕೋದ್ರಲ್ಲಿ ನನ್ನನ್ನೂ ಮೀರಿಸಿದ್ದಾರೆ, ಹೊಲಿಗೆ ಮಾತ್ರ ಸ್ವಲ್ಪ ಸೊಟ್ಟ. ನಿನ್ನೆ ಎರಡು ಕಾಲನ್ನೂ ಬಿಡಿಸಿದರು. ಇಷ್ಟು ದಿನ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲುಗಳು ಬೇರೆಯಾದ ಮೇಲೆ, ಹಾಸಿಗೆ ಯಾಕೋ ತುಂಬಾ ಅಗಲ ಅನ್ನಿಸಿತು.

ಸಂಜೆ ಎಲ್ಲರ ಮನೆಯವರು ಬರುವಾಗ ನಾನು ಕಣ್ಣು ಮುಚ್ಚಿ ಮಲಗಿರ್ತೀನಿ. ಇಲ್ಲದಿದ್ರೆ ಪಕ್ಕದ ಹಾಸಿಗೆಯ ಅಜ್ಜಿ, "ನಿಮ್ಮೋರು ಯಾರೂ ಬರಲಿಲ್ವೇನಮ್ಮ?" ಅಂತಾರೆ.

ಇವತ್ತು ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ನನ್ನ ಮಿಷಿನ್‌ಗೆ ಮೋಟಾರು ಹಾಕಿಸ್ತೀಯಂತೆ, ಇಸ್ತ್ರಿಯವರು ಹೇಳಿದರು. ಬೇಡ. ತುಳಿದಷ್ಟೂ ಕಾಲಿಗೆ ಬಲ ಬರುತ್ತಂತೆ. ಪೆಡಲ್‌ಗೆ ಎಣ್ಣೆ ಬಿಟ್ಟಿಡು, ಸಾಕು.

ಇನ್ನೊಂದು ಮಾತು. ಚೀಲದಲ್ಲಿ ಎಡಗಾಲಿನ ಚಪ್ಪಲಿ ಒಂದೇ ಇತ್ತು. ಬಲಗಾಲಿನದು ಮನೆಯಲ್ಲಿದ್ದರೆ ನೀನೇ ತಗೊಂಡು ಬಾ. ಬಿಸಾಡಿದ್ದರೂ ಬಾ, ಬೈಯೋದಿಲ್ಲ. ಹೊಸದು ತಗೊಳ್ಳೋಣ. ಅಳತೆಗೆ ಕಾಲಿದೆ.

ನಿನ್ನ ತಂಗಿ