ತೊಟ್ಟಿಲ ಬಟ್ಟೆಯ ಒಂದು ಮೂಲೆ

೨೦೦೭ ನವೆಂಬರ್ ೧೯, ಸೋಮವಾರ

ಮತ್ತೆ ನಿದ್ದೆಯಿಲ್ಲ. ಪಾಪು ಮಾತ್ರ ಇಂಜಿನ್ ಕೊರೆಯುವ ಬೋರಿಂಗ್ ಮಶೀನಿನ ಸದ್ದಿಗೆ ಹಾಯಾಗಿ ಮಲಗುತ್ತಾಳೆ. ಕೆಳಗೆ ನಮ್ಮ ರಿಪೇರಿ ಶೆಡ್ಡಿನಲ್ಲಿ ಅದು ನಿಂತಿತೋ, ಅಳು. ಸಂಡೂರಿನ ಅದಿರು ಲಾರಿಗಳ ಇಂಜಿನ್ನುಗಳು ಸಾಲುಗಟ್ಟಿವೆ. ಬಿಚ್ಚಿಟ್ಟ ಇಂಜಿನ್ನಿಗೆ ಕೆಂಪು ಧೂಳು ಆಗದು. ಎಣ್ಣೆ ಹರಿಯುವ ತೂತುಗಳಿಗೆ ಬಟ್ಟೆಯ ಬಿರಡೆ ಹಾಕಿಡುತ್ತಾರೆ, ಜೋಡಿಸುವಾಗ ಕೀಳುತ್ತಾರೆ. ಬಟ್ಟೆ ಹರಿದುಕೊಡುವುದು, ಆಮೇಲೆ ಒಗೆಯುವುದು ನನ್ನ ಪಾಲು. ಈ ಸಲ ಪಾಪುವಿನ ಹಳೇ ತೊಟ್ಟಿಲ ಬಟ್ಟೆ. ಹಳದಿಯದು.

"ಕೂಸಿನ ಬಟ್ಟಿ ಹರೀತೀಯಲ್ಲ," ಎಂದ ತಿರುಮಲ. ನನ್ನ ಗಂಡ ಕೆಲವು ಸಲ ಅಜ್ಜಿಯ ಹಾಗೆ.

"ಮೆತ್ತಗ ಐತಿ. ನೂಲು ಬಿಡಂಗಿಲ್ಲ."

ನವೆಂಬರ್ ೨೨

ಪಾಲಪ್ಪನ ಇಂಜಿನ್ ಸ್ಟ್ಯಾಂಡ್ ಮೇಲೆ ಓಡಿತು. ಮೀಟರಿನಲ್ಲಿ ಆಯಿಲ್ ಪ್ರೆಷರ್ ಸರಿ. ಸಂಜೆಗೆ ಲಾರಿಗೆ ಕೂರಿಸಿದರು. ಪಾಲಪ್ಪ ತಾನೇ ಮಾಲೀಕ, ತಾನೇ ಡ್ರೈವರ್.

"ಒಂದು ವಾರ ಖಾಲಿ ಓಡಸು. ಲೋಡ್ ಹಾಕಬ್ಯಾಡ," ಎಂದ ತಿರುಮಲ.

"ಹಾಕಂಗಿಲ್ರಿ. ಹೆಂಡ್ತಿ ಆಣಿ."

"ಯಾವ ಹೆಂಡ್ತಿದಲೇ?" ಫಿಟ್ಟರ್ ಹೊನ್ನೂರಪ್ಪ. ಎಲ್ಲರೂ ನಕ್ಕರು.

ನವೆಂಬರ್ ೨೪, ಮಧ್ಯಾಹ್ನ

ಒಗೆದ ತುಂಡುಗಳನ್ನು ಮಾಳಿಗೆ ಮೇಲೆ ಹರಡಿದೆ. ಸುಮ್ಮನೆ, ಹೊತ್ತು ಹೋಗದೆ, ಒಂದಕ್ಕೊಂದು ಸೇರಿಸಿ ಮೊದಲಿನ ಬಟ್ಟೆಯ ಹಾಗೆ ಜೋಡಿಸಿದೆ. ಹೊಂದಿದವು... ಒಂದು ಮೂಲೆ ಬಿಟ್ಟು. ಬಕೆಟ್ಟು, ಮೋರಿ, ಶೆಡ್ಡು ಎಲ್ಲ ಹುಡುಕಿದೆ.

"ಗಾಳಿಗೆ ಹಾರಿರ್ತೈತಿ," ಎಂದ ತಿರುಮಲ.

"ಪಾಲಪ್ಪನ ಇಂಜಿನ್ನಾಗ ಉಳಿದಿದ್ರ?"

"ಪ್ರೆಷರ್ ನೀನೂ ನೋಡೀದಿ. ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಎದ್ದೆದ್ದು ಹೋಗ್ತೀಯಲ್ಲ, ಇದೂ ಅದೇ."

ಇರಬಹುದು.

ನವೆಂಬರ್ ೨೫

ಇದು ಅದಲ್ಲ. ಮೀಟರ್ ತೋರಿಸುವುದು ದೊಡ್ಡ ದಾರಿಯ ಒತ್ತಡ. ಅದರಿಂದ ಒಡೆದ ಸಣ್ಣ ದಾರಿಯೊಂದು ಕಟ್ಟಿದರೆ ಮುಳ್ಳು ಇಳಿಯುವುದೇ ಇಲ್ಲ. ಆ ಒಂದು ಬೇರಿಂಗಿಗೆ ಎಣ್ಣೆ ಸಾಲದು. ಬಿಸಿಯೇರುತ್ತದೆ, ಇಂಜಿನ್ ಹಿಡಿದುಕೊಂಡು ನಿಲ್ಲುತ್ತದೆ. ಎಲ್ಲಿ? ಘಾಟಿನಲ್ಲಿ, ಲೋಡ್ ಹೊತ್ತು, ಹಿಂದೆ ಲಾರಿಗಳ ಸಾಲು...

ಹೇಳಿದೆ.

"ಗಿರಾಕಿಗೆ ಏನಂತ ಹೇಳ್ಲಿ? ನನ್ನ ಹೆಂಡ್ತಿಗೆ ನಿದ್ದಿ ಬರವಲ್ದು ಅಂತನಾ?"

ಸ್ನಾನಕ್ಕೆ ಹೋದ. ಅವನ ಮೊಬೈಲ್ ತೆಗೆದುಕೊಂಡೆ. ಲಾರಿ ತಾ ಎಂದು ಪಾಲಪ್ಪನಿಗೆ ನಾನೇ ಹೇಳಿದೆ.

ನವೆಂಬರ್ ೨೭

ಪಾಲಪ್ಪ ಬಂದ.

"ಗಣಿ ಮುಂದ ಲಾರಿ ಸಾಲಿನಾಗಿನ ಪಾಳಿ ಬಿಟ್ಟು ಬಂದೀನಿ, ತಂಗೀ. ಏನೂ ಇಲ್ದಿದ್ರ ಊಟ ಹಾಕಬೇಕು ನೋಡು."

ತಿರುಮಲ ನನ್ನ ಮುಖ ನೋಡಲಿಲ್ಲ. ಲಾರಿಯ ಕೆಳಗಿನಿಂದ ಇಂಜಿನ್ ಬಿಚ್ಚಿಸಿದ. ಹಿಂದಿನ ಬೇರಿಂಗ್ ಹೊಸದರ ಹಾಗೆ ಹೊಳೆಯುತ್ತಿತ್ತು. ತೂತು ಖಾಲಿ.

"ಊಟ ಗ್ಯಾರಂಟಿ ಆತು," ಎಂದ ಪಾಲಪ್ಪ.

"ನಡುವಿಂದೂ ಬಿಚ್ಚಿ," ಎಂದೆ. ನನ್ನ ದನಿಯೇ ನನಗೆ ಹೊಸದು.

ಹೊನ್ನೂರಪ್ಪ ಸ್ಪ್ಯಾನರ್ ಕೆಳಗಿಟ್ಟ. ತಿರುಮಲ ಅದನ್ನು ಎತ್ತಿಕೊಂಡು ತಾನೇ ಲಾರಿಯಡಿ ಮಲಗಿದ. ಬೇರಿಂಗಿನ ಮೇಲಿನ ಅರ್ಧವನ್ನು ಹೊರಳಿಸಿ ತೆಗೆದ. ಅದರ ಬೆನ್ನಿಗೆ ಅಂಟಿಕೊಂಡು ಬಟ್ಟೆಯ ಮೂಲೆ ಬಂತು — ಕರ್ರಗೆ, ಅಂಚಿನಲ್ಲಿ ಮಾತ್ರ ಹಳದಿ. ಬೇರಿಂಗ್ ಆಗಲೇ ಸುಟ್ಟ ಬಣ್ಣಕ್ಕೆ ತಿರುಗಿತ್ತು.

"ಎಣ್ಣಿ ಬಟ್ಟಿಯಾಗ ಸೋಸಿ ಸೋಸಿ ಬಂದೈತಿ. ಅದಕ ಇನ್ನಾ ಹಿಡದಿಲ್ಲ," ಎಂದ ಹೊನ್ನೂರಪ್ಪ, ಮೆಲ್ಲಗೆ.

ಪಾಲಪ್ಪ ನೆಲಕ್ಕೆ ಕುಂತ. "ನಾಳಿ ಲೋಡ್ ಹಾಕಾಂವ ಇದ್ದೆ."

ಹೆಂಡತಿಯ ಆಣೆ ಏನಾಯಿತೆಂದು ಯಾರೂ ಕೇಳಲಿಲ್ಲ.

ಡಿಸೆಂಬರ್ ೧

ಎಲ್ಲರೂ ಹೊಗಳುತ್ತಾರೆ. ಹೊನ್ನೂರಪ್ಪ ಈಗ "ಅಕ್ಕಾರ" ಎನ್ನುತ್ತಾನೆ. ತಿರುಮಲ ಪಾಪುವನ್ನು ಎತ್ತಿಕೊಂಡು ಶೆಡ್ಡೆಲ್ಲ ತಿರುಗಿದ.

ನನ್ನ ಹೆದರಿಕೆಗಳೆಲ್ಲ ಸುಳ್ಳು ಎಂಬುದೊಂದೇ ಇಷ್ಟು ದಿನ ನನಗಿದ್ದ ಧೈರ್ಯ. ಒಂದು ನಿಜವಾಯಿತು. ಉಳಿದವು?

ಡಿಸೆಂಬರ್ ೫, ಸಂಜೆ

"ವಂದನಾ, ಬಾ. ನೀ ನೋಡಿದ ಮ್ಯಾಲೇ ಮುಚ್ಚೋದು." ತಿರುಮಲನ ದನಿಯಲ್ಲಿ ತಮಾಷೆ ಇರಲಿಲ್ಲ. ಕಂಪ್ಲಿಯ ರೈಸ್ ಮಿಲ್ಲಿನ ಲಾರಿಯದು ಇಂಜಿನ್. ಟಾರ್ಚ್ ಹಿಡಿದು ಒಂದೊಂದೇ ತೂತು ನೋಡಿದೆ. ಖಾಲಿ.

"ಮುಚ್ಚಲೇನು?"

"ಹೂಂ."

ಮುಚ್ಚಿದ. ಮೇಲೆ ಬಂದೆ. ಪಾಪು ಮಲಗಿದ್ದಾಳೆ. ಇವತ್ತು ನನಗೂ ಕಣ್ಣು ಎಳೆಯುತ್ತಿದೆ, ಎಷ್ಟೋ ದಿನಕ್ಕೆ. ಎಲ್ಲ ನೋಡಿದೆ. ಕೊನೆಯದನ್ನು ನೋಡುವಾಗ ಹೊನ್ನೂರಪ್ಪ ಏನೋ ಕೇಳಿದ, ತಿರುಗಿದೆ, ಆಮೇಲೆ ಆ ತೂತಿಗೆ ಮತ್ತೆ ಟಾರ್ಚ್ ಹಿಡಿದೆನೋ ಇಲ್ಲವೋ —